ಕೊಣಾಜೆ ಗುಡ್ಡೆಯ ಕಾಲುದಾರಿ

ಇವತ್ತು ತಂಗಿಯ ಮಾರ್ಕ್ಸ್ ಕಾರ್ಡ್ ಕೆಲಸಕ್ಕೆ ಕೊಣಾಜೆಗೆ ಹೋಗಿದ್ದೆ. 1968ರಲ್ಲಿ ಮೈಸೂರು ವಿವಿಯ ಪಿಜಿ ಸೆಂಟರ್ ಆಗಿ ಶುರುವಾಗಿ 1980ರಲ್ಲಿ ಸ್ವಂತ ಮಂಗಳೂರು ಯೂನಿವರ್ಸಿಟಿ ಆದ ಇಲ್ಲಿನ ಮಂಗಳಗಂಗೋತ್ರಿ ಕ್ಯಾಂಪಸ್, ನಂಗೆ ತುಂಬಾ ಇಷ್ಟದ ಜಾಗ ಮಾರಾಯ್ರೆ.

ಅಲ್ಲಿ ಮಕ್ಕಳು ನಡೆದು ನಡೆದು ಹುಲ್ಲಿನ ಮಧ್ಯೆ ಒಂದು ಕಾಲುದಾರಿ ಬಿದ್ದದ್ದುಂಟು, ಒಬ್ಬರು ಹೋಗುವಷ್ಟೇ ಅಗಲ, ಕೆಂಪು ಮಣ್ಣು, ಅಲ್ಲಲ್ಲಿ ಮುರಕಲ್ಲು, ಅಂದ್ರೆ ತೂತು ತೂತಿನ ಕೆಂಪು ಕಲ್ಲು, ಎದ್ದಿದೆ. ಕ್ಯಾಂಪಸ್ಸಿಗೆ ಮಾಸ್ಟರ್ ಪ್ಲಾನ್ ಮಾಡುವವರು ಮೊದಲು ಇಂಥ ದಾರಿಯಲ್ಲಿ ನಡೀಬೇಕು ಅನಿಸ್ತು, ಆಮೇಲೆ ಜುಲೈಯಲ್ಲಿ ಕೊಡೆ ಹಿಡ್ಕೊಂಡು ಬಂದು ನೀರು ಎಲ್ಲಿ ಹರೀತದೆ ನೋಡ್ಬೇಕು. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ, ಈ ಮುರಕಲ್ಲು ಗುಡ್ಡೆಗಳು ಅದನ್ನು ಕುಡಿದೇ ಕೆಳಗಿನ ಬಾವಿಗಳಿಗೆ ಕೊಡೋದು, ಮೇಲೆಲ್ಲ ಕಾಂಕ್ರೀಟ್ ಹಾಕಿದ್ರೆ ಆ ನೀರು ಎಲ್ಲಿಗೆ ಹೋಗ್ಬೇಕು ಹೇಳಿ?

ನಾನು ಓದಿದ ಕಾಲೇಜಲ್ಲಿ ಮಳೆನೀರು ಹರಿಯುವ ತೋಡು ಮುಚ್ಚಿ ಹೊಸ ಬ್ಲಾಕ್ ಕಟ್ಟಿದ್ರು. ಮುಂದಿನ ಮಳೆಗೇ ಲೈಬ್ರರಿಗೆ ನೀರು ನುಗ್ಗಿತು, ಒದ್ದೆ ಪುಸ್ತಕಗಳನ್ನು ಫ್ಯಾನಿನ ಕೆಳಗೆ ಬಿಡಿಸಿಟ್ಟು ಒಂದೊಂದೇ ಪುಟ ಬೇರೆ ಮಾಡಿದ್ದು, ಆ ವಾಸನೆ, ಈಗಲೂ ನೆನಪುಂಟು.

ಹಾಸ್ಟೆಲ್, ಲ್ಯಾಬ್ ಎಲ್ಲ ಬೇಕೇ ಬೇಕು, ದೂರದೂರಿಂದ ಬರುವ ಹುಡುಗೀರಿಗಂತೂ ಹಾಸ್ಟೆಲ್ ಇದ್ರೇನೇ ಓದು. ಆದ್ರೆ ಡ್ರಾಯಿಂಗಲ್ಲಿ ತೋಡಿನ ಗೆರೆ ಮೊದಲು ಬರ್ಲಿ, ಬಿಲ್ಡಿಂಗ್ ಆಮೇಲೆ. ವಾಪಸ್ ಬರುವಾಗ ಬಸ್ಸಿಗೆ ಅದೇ ಕಾಲುದಾರಿಯಲ್ಲೇ ಇಳಿದು ಬಂದೆ, ಚಪ್ಪಲಿಯಲ್ಲಿ ಇನ್ನೂ ಕೆಂಪು ಮಣ್ಣುಂಟು.