ಲಾಭ ಇದ್ರೂ ಬ್ಯಾಂಕ್‌ನವ್ರು ಜನರನ್ನ ಯಾಕೆ ತೆಗೀತಾರೆ?

ನಾನು ಬ್ಯಾಂಕ್‌ಗಳ ಬಗ್ಗೆ ಬರೀತೀನಿ ಅಂತ ಗೊತ್ತಾದ ತಕ್ಷಣ ಎಲ್ಲರೂ ಕೇಳೋದು ಇದನ್ನೇ. ಲಾಭದಲ್ಲೇ ಇದ್ದಾರಲ್ಲ, ಮತ್ಯಾಕೆ ಸಾವಿರಗಟ್ಲೆ ಜನರನ್ನ ಮನೆಗೆ ಕಳಿಸ್ತಾರೆ? ನ್ಯಾಯವಾದ ಪ್ರಶ್ನೆನೇ. ಬ್ರಿಟನ್ನಿನ ಎಚ್‌ಎಸ್‌ಬಿಸಿ ಬ್ಯಾಂಕ್ 2020ರ ಫೆಬ್ರವರೀಲಿ ಸುಮಾರು 35,000 ಹುದ್ದೆ ಕಡಿಮೆ ಮಾಡ್ತೀವಿ ಅಂದಾಗ, ಅದರ ಹಿಂದಿನ ವರ್ಷ ತೆರಿಗೆಗೆ ಮುಂಚೆ 1,300 ಕೋಟಿ ಡಾಲರ್‌ಗಿಂತ ಜಾಸ್ತಿ ಲಾಭ ಮಾಡಿತ್ತು.

ಮೇಲಿನವರ ಕಣ್ಣಿರೋದು ಬರೀ ಲಾಭದ ಮೇಲಲ್ಲ, ಕಾಸ್ಟ್ ಟು ಇನ್‌ಕಮ್ ರೇಶಿಯೋ ಮೇಲೆ. ಆದಾಯ 100 ಬಂದ್ರೆ ಅದ್ರಲ್ಲಿ ಖರ್ಚಿಗೆ ಎಷ್ಟು ಹೋಯ್ತು ಅನ್ನೋ ಲೆಕ್ಕ ಅದು, ಬೇರೆ ಬ್ಯಾಂಕ್ 50ರಲ್ಲಿ ಮುಗಿಸ್ತಿದ್ದು ನಿಮ್ದು 65 ಆಗಿದ್ರೆ ಶೇರುದಾರರು ಸುಮ್ನಿರಲ್ಲ. ಬಡ್ಡಿ ದರ ಬ್ಯಾಂಕ್ ಕೈಲಿಲ್ಲ, ಸಾಲ ಯಾವಾಗ ಮುಳುಗುತ್ತೋ ಅದೂ ಕೈಲಿಲ್ಲ, ಕೈಲಿರೋದು ಸಂಬಳದ ಖರ್ಚು, ಅದೇ ದೊಡ್ಡ ಖರ್ಚು ಬೇರೆ, ಹಾಗಾಗಿ ಕತ್ತರಿ ಮೊದ್ಲು ಅಲ್ಲಿಗೇ ಹೋಗುತ್ತೆ. ಕೆಲವು ಸಲ ಮ್ಯಾನೇಜರ್‌ಗಳ ಮೇಲೆ ಮ್ಯಾನೇಜರ್‌ಗಳು ಜಾಸ್ತಿ ಆಗಿರ್ತಾರೆ ಅನ್ನೋದೂ ನಿಜ, ಸಿಟಿ ಬ್ಯಾಂಕ್ 2023ರಲ್ಲಿ ಮ್ಯಾನೇಜ್‌ಮೆಂಟ್‌ನ 13 ಹಂತಗಳನ್ನ 8ಕ್ಕೆ ಇಳಿಸ್ತೀವಿ ಅಂತ ಹೊರಟಿದ್ದು ಅದಕ್ಕೇ.

ನನಗೆ ಹೊಟ್ಟೆ ಉರಿಯೋದು ಮರ್ಜರ್, ಅಂದ್ರೆ ಬ್ಯಾಂಕ್‌ಗಳ ವಿಲೀನದ ವಿಷಯದಲ್ಲಿ. 2023ರಲ್ಲಿ ಸ್ವಿಟ್ಜರ್ಲೆಂಡಿನ ಯುಬಿಎಸ್ ಬ್ಯಾಂಕ್, ಅಲ್ಲಿನದೇ ಕ್ರೆಡಿಟ್ ಸ್ವೀಸ್ ಬ್ಯಾಂಕನ್ನ ತಗೊಂಡ ಹಾಗೆ ಎರಡು ಬ್ಯಾಂಕ್ ಒಂದಾದ್ರೆ ಬ್ಯಾಂಕ್‌ನ ಹಣ ನೋಡ್ಕೊಳ್ಳೋ ಟ್ರೆಷರಿ ಎರಡು, ನಿಯಮ ಪಾಲನೆ ನೋಡೋ ಕಂಪ್ಲಯನ್ಸ್ ಎರಡು, ದಿನದ ಲೆಕ್ಕ ತಾಳೆ ನೋಡೋ ಟೀಮೂ ಎರಡು. ಅಕೌಂಟುಗಳೆಲ್ಲ ಒಂದೇ ಸಿಸ್ಟಮ್‌ಗೆ ಬರೋವರೆಗೂ ಇಬ್ರೂ ಬೇಕು, ಯಾಕಂದ್ರೆ ಹಳೇ ಸಾಫ್ಟ್‌ವೇರ್‌ನಲ್ಲಿ ಯಾವ ಸಾಲಕ್ಕೆ ಬಡ್ಡಿ ಹೇಗೆ ಕೂಡ್ತಿತ್ತು, ಯಾವ ಎಂಟ್ರಿ ಕೈಯಲ್ಲೇ ಸರಿ ಮಾಡ್ಬೇಕಿತ್ತು ಅನ್ನೋದು ಗೊತ್ತಿರೋದು ಅಲ್ಲಿ ವರ್ಷಗಟ್ಲೆ ಕೂತವರಿಗೆ ಮಾತ್ರ. ಅವ್ರೇ ವಾರಾಂತ್ಯದ ರಜೆ ಬಿಟ್ಟು ಡೇಟಾನ ಹೊಸ ಸಿಸ್ಟಮ್‌ಗೆ ಸಾಗಿಸ್ತಾರೆ, ಬ್ಯಾಲೆನ್ಸ್ ತಾಳೆ ಆಗ್ದೇ ಇರೋದನ್ನ ಹುಡುಕ್ತಾರೆ, ಹೊಸ ಟೀಮ್‌ಗೆ ಎಲ್ಲ ಹೇಳಿಕೊಡ್ತಾರೆ. ಎಲ್ಲ ಸರಿಹೋದ ಮೇಲೆ ಅವ್ರ ಸೀಟೇ ಇರಲ್ಲ! ಇದು ಮೊದ್ಲೇ ಗೊತ್ತಿದ್ದೂ ಕೊನೇವರೆಗೂ ಬಾಯಿಬಿಡದ ಮ್ಯಾನೇಜ್‌ಮೆಂಟ್ ಮಾಡೋದು ಮೋಸ, ಬೇರೆ ಹೆಸರಿಲ್ಲ ಅದಕ್ಕೆ.

ಹಾಗಾಗಿ ಮರ್ಜರ್ ಸುದ್ದಿ ಬಂದ ಬ್ಯಾಂಕ್‌ನಲ್ಲಿರೋರಿಗೆ ನಾನು ಹೇಳೋದಿಷ್ಟೇ: ಸಿಸ್ಟಮ್ ಬದಲಾಗೋ ದಿನ ಯಾವುದು, ಅದಾದ್ಮೇಲೆ ನನ್ನ ಹುದ್ದೆ ಏನು, ಇಲ್ಲಾಂದ್ರೆ ಪರಿಹಾರ ಎಷ್ಟು ಅಂತ ಬರವಣಿಗೆಯಲ್ಲೇ ಕೇಳಿ, ಒಬ್ಬೊಬ್ರೇ ಹೋಗ್ಬೇಡಿ, ಯೂನಿಯನ್ ಇದ್ರೆ ಅದರ ಮೂಲಕ ಹೋಗಿ. ಕೇಳೋದಿದ್ರೆ ಡೇಟಾ ಸಾಗಿಸೋ ಕೆಲ್ಸ ಶುರುವಾಗೋ ಮುಂಚೆನೇ ಕೇಳಿ, ಅವ್ರಿಗೆ ನೀವು ಬೇಕೇಬೇಕು ಅನ್ನೋದು ಆಗ ಮಾತ್ರ.