ಹೊಸ ಪದ ನೆನಪಿನಲ್ಲಿ ಉಳಿಯಬೇಕಾದರೆ

ಪರಭಾಷೆ ಕಲಿಯತೊಡಗಿದವರಲ್ಲಿ ಬಹಳ ಮಂದಿ ನೋಟ್‌ಪುಸ್ತಕದ ಎಡಭಾಗದಲ್ಲಿ ಹೊಸ ಪದವನ್ನೂ ಬಲಭಾಗದಲ್ಲಿ ಅದರ ಅರ್ಥವನ್ನೂ ಬರೆದುಕೊಂಡು, ಆ ಪಟ್ಟಿಯನ್ನು ಮತ್ತೆ ಮತ್ತೆ ಓದುತ್ತಾರೆ. ಓದುತ್ತ ಹೋದಂತೆ ಎಲ್ಲ ಪದಗಳೂ ಪರಿಚಿತವೆನಿಸುತ್ತವೆ. ಆದರೆ ಮಾತನಾಡಬೇಕಾದ ಹೊತ್ತಿಗೆ ಒಂದೂ ನಾಲಿಗೆಗೆ ಬರುವುದಿಲ್ಲ. ಇದು ಕಲಿಯುವವರ ಬುದ್ಧಿಯ ಕೊರತೆಯಲ್ಲ, ಅಭ್ಯಾಸದ ಕ್ರಮದ ಕೊರತೆ ಎಂಬುದು ಜರ್ಮನ್ ಕಲಿಯುತ್ತಿರುವ ನನ್ನ ದೃಢವಾದ ಅಭಿಪ್ರಾಯ. ಕಣ್ಣೆದುರಿನ ಪದವನ್ನು ಗುರುತಿಸುವುದೇ ಬೇರೆ, ಎದುರಿಗಿಲ್ಲದ ಪದವನ್ನು ನೆನಪಿನಿಂದ ಹೊರತೆಗೆಯುವುದೇ ಬೇರೆ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಮನೋವಿಜ್ಞಾನಿಗಳಾದ ಜೆಫ್ರಿ ಕಾರ್ಪಿಕಿ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತೋರಿಸಿತು. ಅವರು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಅರ್ಥಸಹಿತ ಕಲಿಸಿದರು. ಒಂದು ಪದದ ಅರ್ಥವನ್ನು ಒಮ್ಮೆ ಸರಿಯಾಗಿ ಹೇಳಿದ ಮೇಲೆಯೂ ಕೆಲವು ಗುಂಪುಗಳಿಗೆ ಅದರ ಪರೀಕ್ಷೆ ಮುಂದುವರಿಯಿತು. ಉಳಿದ ಗುಂಪುಗಳಿಗೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಲಾಯಿತು. ಒಂದು ವಾರದ ನಂತರ ನೋಡಿದರೆ, ಪರೀಕ್ಷೆ ಮುಂದುವರಿದವರು ಶೇಕಡಾ 80ರಷ್ಟು ಪದಗಳನ್ನು ನೆನಪಿಟ್ಟುಕೊಂಡಿದ್ದರು, ಉಳಿದವರು ಸುಮಾರು ಮೂರನೆಯ ಒಂದು ಭಾಗವನ್ನು ಮಾತ್ರ. ಪರೀಕ್ಷೆಯಿಲ್ಲದೆ ಬರಿದೇ ಮತ್ತೆ ಮತ್ತೆ ಓದಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿಯೆಂದರೆ, ತಮಗೆ ಎಷ್ಟು ನೆನಪಿರಬಹುದೆಂದು ಮೊದಲೇ ಕೇಳಿದಾಗ ಎಲ್ಲ ಗುಂಪಿನವರೂ ಹೆಚ್ಚುಕಡಿಮೆ ಒಂದೇ ಅಂದಾಜು ಕೊಟ್ಟಿದ್ದರು. ಅಂದರೆ ಯಾವ ಅಭ್ಯಾಸ ಫಲ ಕೊಡುತ್ತಿದೆಯೆಂಬುದು ಕಲಿಯುತ್ತಿರುವವರಿಗೇ ಗೊತ್ತಾಗುವುದಿಲ್ಲ.

ಆದುದರಿಂದ ನಾನು ಕಾರ್ಡಿನ ಒಂದು ಬದಿಯಲ್ಲಿ ಕನ್ನಡವನ್ನು ಬರೆದು, ಅದನ್ನು ತಿರುಗಿಸುವ ಮೊದಲು ಜರ್ಮನ್ ಪದವನ್ನು ಗಟ್ಟಿಯಾಗಿ ಹೇಳುತ್ತೇನೆ. ಆ ಭಾಷೆಯ ನಾಮಪದಗಳಿಗೆ ವ್ಯಾಕರಣದ ಲಿಂಗವಿರುವುದರಿಂದ ಡೆರ್, ಡಿ, ಡಾಸ್ ಎಂಬ ಉಪಪದವನ್ನು ಸೇರಿಸಿ ಹೇಳಿದರೆ ಮಾತ್ರ ಉತ್ತರ ಸರಿಯೆಂದು ಎಣಿಸುತ್ತೇನೆ. ಪದ ಹೊಳೆಯದೆ ತಡವರಿಸುವ ಆ ಕೆಲವು ಕ್ಷಣಗಳಿಗೇ ಹೆಚ್ಚಿನ ಬೆಲೆಯಿದೆ. ಕೂಡಲೇ ಉತ್ತರ ನೋಡಿಬಿಡಬಾರದು.

ಮರುಪರೀಕ್ಷೆಗಳ ನಡುವಿನ ಅಂತರವೂ ಮುಖ್ಯ. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಮರೆವು ಮೊದಲ ಕೆಲವು ಗಂಟೆಗಳಲ್ಲಿ ತೀವ್ರವಾಗಿದ್ದು ಆಮೇಲೆ ನಿಧಾನವಾಗುತ್ತದೆಂದು 1885ರಲ್ಲೇ ತೋರಿಸಿದ್ದರು. ಆದ್ದರಿಂದ ಮೊದಲ ಮರುಪರೀಕ್ಷೆ ಅದೇ ದಿನ ನಡೆಯಬೇಕು. ಆಮೇಲಿನವು ಕ್ರಮೇಣ ದೂರ ಸರಿಯಬಹುದು. 1970ರ ದಶಕದಲ್ಲಿ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ ಪ್ರಚಾರಕ್ಕೆ ತಂದ ಕಾರ್ಡು ಪೆಟ್ಟಿಗೆಯಲ್ಲೂ ಇಂಥ ಕಾರ್ಡುಗಳನ್ನು ಪರದೆಯ ಮೇಲೆ ತೋರಿಸುವ ಇಂದಿನ ಆಂಕಿ ತಂತ್ರಾಂಶದಲ್ಲೂ ಕೆಲಸ ಮಾಡುವುದು ಈ ತತ್ತ್ವವೇ: ಸರಿಯುತ್ತರ ಬಂದ ಕಾರ್ಡು ತಡವಾಗಿ ಮರಳುತ್ತದೆ, ತಪ್ಪಿದ್ದು ಬೇಗ ಮರಳುತ್ತದೆ.

ಪಠ್ಯಪುಸ್ತಕಗಳ ಒಂದು ರೂಢಿಗೆ ಮಾತ್ರ ನನ್ನ ವಿರೋಧವಿದೆ. ಬಣ್ಣಗಳೆಲ್ಲ ಒಂದು ಪಾಠದಲ್ಲಿ, ವಾರದ ದಿನಗಳೆಲ್ಲ ಇನ್ನೊಂದರಲ್ಲಿ ಇರುತ್ತವೆ. ಹತ್ತಿರದ ಅರ್ಥದ ಹೊಸ ಪದಗಳನ್ನು ಒಟ್ಟಿಗೆ ಕಲಿತರೆ ಅವು ಒಂದರೊಡನೊಂದು ಕಲಸಿಹೋಗುತ್ತವೆ. ನಾನು ಅಂಥ ಪಟ್ಟಿಯನ್ನು ಒಡೆದು ಬೇರೆ ಬೇರೆ ದಿನಗಳಿಗೆ ಹಂಚುತ್ತೇನೆ. ಎಷ್ಟು ಸಲ ಪ್ರಯತ್ನಿಸಿದರೂ ನಿಲ್ಲದ ಪದಗಳನ್ನು ಪೆಟ್ಟಿಗೆಯಿಂದ ತೆಗೆದು ಪಕ್ಕಕ್ಕಿಟ್ಟು, ಓದುವ ಕಥೆಯಲ್ಲೋ ಕೇಳುವ ಸಂಭಾಷಣೆಯಲ್ಲೋ ಎದುರಾದಾಗ ಆ ವಾಕ್ಯದ ಸಮೇತ ಹೊಸ ಕಾರ್ಡು ಬರೆಯುತ್ತೇನೆ.