ಮೇಷ್ಟ್ರು ಉಳಿಸಿಕೊಂಡ ಅಪಸ್ವರ

ನಮ್ಮ ಇಂಗ್ಲಿಷ್ ಮೇಷ್ಟ್ರು ತೀರಿಕೊಂಡರು ಅಂತ ಫೋನ್ ಬಂದಾಗ ಮೊದಲು ಕಿವಿಗೆ ಬಂದದ್ದು ಅವರ ಹಾರ್ಮೋನಿಯಂ. ಶಾಲೆಯ ಪ್ರಾರ್ಥನೆಗೆ ಅದನ್ನು ನುಡಿಸುತ್ತಿದ್ದವರು ಅವರೇ.

ಎಂಟನೇ ಕ್ಲಾಸಿನಲ್ಲಿ ಒಂದು ದಿನ ಹಿಂದಿನ ಸಾಲಿನ ನಾವು ನಾಲ್ವರು ಪ್ರಾರ್ಥನೆಯನ್ನು ಬೇರೆ ಧಾಟಿಯಲ್ಲಿ ಜೋರಾಗಿ ಹಾಡಿದೆವು. ಧಾಟಿ ಕಟ್ಟಿದ್ದು ನಾನು. ಪಕ್ಕದವರು ನಮ್ಮ ಕಡೆ ವಾಲಿದರು, ಮುಂದಿನವರು ತಬ್ಬಿಬ್ಬಾಗಿ ನಿಲ್ಲಿಸಿದರು.

ಮೇಷ್ಟ್ರು ಬೈಯಲಿಲ್ಲ. ಶನಿವಾರ ಕ್ಲಾಸು ಮುಗಿದ ಮೇಲೆ ನಾಲ್ವರನ್ನೂ ಚಿತ್ರದುರ್ಗದ ಕೋಟೆಗೆ ಕರೆದೊಯ್ದರು. ಅಕ್ಕ ತಂಗಿಯರ ಹೊಂಡದ ಹತ್ತಿರ ನೆರಳಲ್ಲಿ ಕೂರಿಸಿ ಕಥೆ ಹೇಳಿದರು. ಅದು ಇಂಗ್ಲಿಷ್ ಲೇಖಕ ಟೋಲ್ಕಿನ್ ಬರೆದ 'ಸಿಲ್ಮರಿಲಿಯನ್'. ಟೋಲ್ಕಿನ್ ತೀರಿಕೊಂಡ ಮೇಲೆ, 1977ರಲ್ಲಿ, ಮಗ ಕ್ರಿಸ್ಟೋಫರ್ ಅಚ್ಚು ಹಾಕಿಸಿದ ಪುಸ್ತಕ. ಅದರಲ್ಲಿ ಲೋಕ ಹುಟ್ಟುವುದೇ ಹಾಡಿನಿಂದ. ಸೃಷ್ಟಿಕರ್ತ ಇಲೂವತಾರ್ ಒಂದು ರಾಗ ಕೊಡುತ್ತಾನೆ, ಅವನು ಹುಟ್ಟಿಸಿದ ಐನೂರ್ ಎಂಬ ದೇವತೆಗಳು ಸೇರಿ ಹಾಡುತ್ತಾರೆ. ಅವರಲ್ಲೊಬ್ಬನಾದ ಮೆಲ್ಕೋರ್ ಮಾತ್ರ ತನ್ನದೇ ರಾಗ ಎತ್ತುತ್ತಾನೆ. ಹತ್ತಿರದವರು ಅವನ ಜೊತೆ ಸೇರುತ್ತಾರೆ, ಉಳಿದವರ ದನಿ ಕುಗ್ಗುತ್ತದೆ. ನಮ್ಮ ಮುಖ ಸಣ್ಣಗಾಯಿತು.

ಆದರೆ ಇಲೂವತಾರ್‌ನ ಮೂರನೇ ರಾಗ ಆ ಅಬ್ಬರದ ಸ್ವರಗಳನ್ನೇ ತನ್ನೊಳಗೆ ನೇಯ್ದುಕೊಳ್ಳುತ್ತದೆ. ಮೆಲ್ಕೋರ್‌ನ ಕಡುಚಳಿಯಿಂದ ಹಿಮದ ಹರಳು ಬಂತು, ಅವನ ಉರಿಯಿಂದ ಮೋಡ ಬಂತು. ಸುತ್ತ ದುರ್ಗದ ಬಂಡೆಗಳು ಕಾದು ನಿಂತಿದ್ದವು. "ಈ ಬಿಸಿಲಿಲ್ಲದೆ ಮಳೆ ಎಲ್ಲಿಂದ ಬರಬೇಕು?" ಅಂದರು ಮೇಷ್ಟ್ರು.

ಇಳಿಯುವಾಗ ಟೋಲ್ಕಿನ್ ಅವರ ಗೆಳೆಯ, ಲೇಖಕ ಸಿ.ಎಸ್. ಲೂಯಿಸ್‌ರ 1955ರ ಕಥೆಯನ್ನೂ ಹೇಳಿದರು. ಅಲ್ಲಿ ಸಿಂಹವೊಂದು ಹಾಡಿ ನಾರ್ನಿಯಾ ಲೋಕವನ್ನು ಹುಟ್ಟಿಸುತ್ತದೆ. ಕೇಳಲು ಮನಸ್ಸಿಲ್ಲದ ಒಬ್ಬ ಮುದುಕನಿಗೆ ಮಾತ್ರ ಅದು ಬರೀ ಗರ್ಜನೆ.

ಸೋಮವಾರ ನನ್ನನ್ನು ಹಾರ್ಮೋನಿಯಂ ಪಕ್ಕ ನಿಲ್ಲಿಸಿ ಆ ತುಂಟ ಧಾಟಿಯನ್ನೇ ಹಾಡಿಸಿದರು. "ಈ ಏರಿಕೆ ಚೆನ್ನಾಗಿದೆ ಕಣೋ" ಅಂದು ಅದನ್ನು ಪ್ರಾರ್ಥನೆಯ ಕೊನೆಯ ಸಾಲಿಗೆ ಕೂಡಿಸಿದರು. ನಾನು ಹತ್ತನೇ ಕ್ಲಾಸು ಮುಗಿಸುವವರೆಗೂ ಇಡೀ ಶಾಲೆ ನನ್ನ ಏರಿಕೆ ಹಾಡಿತು. ಮುಂದೆ ನನಗೆ ಹಾಡಿಗೆ ಬಂದ ಬಹುಮಾನಗಳೆಲ್ಲ ಅಲ್ಲಿಂದಲೇ ಶುರುವಾದವು.

ಈಗ ನನ್ನ ಮಗಳ ಶಾಲೆಯಲ್ಲಿ ಪ್ರಾರ್ಥನೆ ಸ್ಪೀಕರ್‌ನಿಂದ ಬರುತ್ತದೆ. ಮಕ್ಕಳು ಸುಮ್ನೆ ನಿಂತಿರುತ್ತಾರೆ. ತಪ್ಪಾಗಿ ಹಾಡೋಕಾದರೂ ಬಾಯಿ ತೆರೆಯಬೇಕಲ್ವಾ?

ಮೇಷ್ಟ್ರ ಹನ್ನೊಂದನೇ ದಿನ ನಾಲ್ವರಲ್ಲಿ ಮೂವರು ಹೋಗಿದ್ದೆವು. ಅವರ ಮಗಳು ಹಾರ್ಮೋನಿಯಂ ತೆಗೆದು ಆ ಪ್ರಾರ್ಥನೆ ಹಾಡಿದರು. ಅವರು ನಮ್ಮ ಶಾಲೆಯಲ್ಲಿ ಓದಿದವರಲ್ಲ. ಆದರೂ ಕೊನೆಯ ಸಾಲಿನಲ್ಲಿ ಆ ಏರಿಕೆ ಬಂತು.